ಈ ಟಿವಿ ನಿಮ್ಮ ಮನೆಯದಲ್ಲವಂತೆ

ನಮ್ಮ ಅಂಗಡಿಗೆ ಬಂದವರು ಬರೀ ಕೆಲಸ ಹೇಳಿ ಸುಮ್ಮನೆ ಹೋದ ದಿನ ಒಂದೂ ಇಲ್ಲ. ಹೋಗುವಾಗ ಏನಾದರೊಂದು ಮಾತು ಬಿಟ್ಟೇ ಹೋಗುತ್ತಾರೆ. ಸಂಜೆ ಒಲೆ ಮುಂದೆ ನಿಂತಾಗ ಅದು ನೆನಪಾಗಿ ನಾನು ಒಬ್ಬಳೇ ನಗುತ್ತಿರುತ್ತೇನೆ.

ಅಂಗಡಿ ಅಂದರೆ, ಕನ್ನಡ ತೆಲುಗು ಎರಡೂ ಓಡಾಡುವ ಗಡಿಯೂರು ರಾಯದುರ್ಗದಲ್ಲಿ ನಮ್ಮದೊಂದು ಕೇಬಲ್ ಆಫೀಸು. ಮೊದಲು ಬರೀ ಕೇಬಲ್ ಟಿವಿ ಇತ್ತು, ಈಗ ಅದೇ ಕಂಬಗಳ ಮೇಲೆ ಇಂಟರ್ನೆಟ್ಟಿನ ವೈರೂ ಓಡುತ್ತಿದೆ. ನಮ್ಮ ಯಜಮಾನರು ಕಂಬ ಹತ್ತುತ್ತಾರೆ, ನಾನು ಕೆಳಗೆ ಕೌಂಟರಿನಲ್ಲಿ ಕೂತು ಜನಕ್ಕೆ ಉತ್ತರ ಹೇಳುತ್ತೇನೆ. ಈ ಎರಡರಲ್ಲಿ ಯಾವುದು ಹೆಚ್ಚು ಅಪಾಯದ ಕೆಲಸ ಅಂತ ನಮ್ಮಿಬ್ಬರಲ್ಲಿ ಇನ್ನೂ ತೀರ್ಮಾನವಾಗಿಲ್ಲ. ನನ್ನ ತವರು ಮಡಕಶಿರಾ. ಆಗ ಎರಡೂ ಒಂದೇ ಜಿಲ್ಲೆ, ಅದರ ಆ ತುದಿಯಿಂದ ಈ ತುದಿಗೆ ಮದುವೆಯಾಗಿ ಬಂದವಳು. ಅಲ್ಲಿ 'ಐತೆ' ಅಂದದ್ದಕ್ಕೆ ಇಲ್ಲಿ 'ಐತಿ' ಅನ್ನಬೇಕು ಅನ್ನೋದನ್ನು ಕಲಿಯುವುದಕ್ಕೇ ನನಗೆ ಬಹಳ ಕಾಲ ಹಿಡಿಯಿತು.

ಟಿವಿ, ಮೊಬೈಲಿನಲ್ಲಿ ಸಿನಿಮಾ, ಸೀರಿಯಲ್ಲು ತೋರಿಸುವ ಆ್ಯಪ್ ಕಂಪನಿಗಳಿವೆಯಲ್ಲ, ಅಂಥದ್ದೊಂದು ನಮ್ಮ ಕಡೆ ಮನೆಮನೆಗೂ ಹೊಕ್ಕಿತ್ತು. ಮನೆಮನೆಗೆ ಹೊಕ್ಕಿತ್ತು ಅಂದರೆ ಚಂದಾ ಕಟ್ಟಿದ್ದು ಒಂದು ಮನೆ, ಪಾಸ್‌ವರ್ಡ್ ಇಸಕೊಂಡು ನೋಡುತ್ತಿದ್ದದ್ದು ಬೀದಿ. ಸಾಂಬಾರಿಗೆ ಕರಿಬೇವು ಕೇಳುವ ಹಾಗೆ ಪಾಸ್‌ವರ್ಡ್ ಕೇಳುತ್ತಿದ್ದರು, ಕೊಡುವವರೂ ಹಾಗೇ ಕಿತ್ತು ಕೊಡುತ್ತಿದ್ದರು. ಇದರಿಂದ ಕಂಪನಿಗೆ ಲಾಭವೇ ಹುಟ್ಟುತ್ತಿಲ್ಲವಂತೆ. ಅದಕ್ಕೇ ಒಂದು ದಿನ ಕಟ್ಟುನಿಟ್ಟು ಮಾಡಿಬಿಟ್ಟಿತು: ಒಂದು ಖಾತೆ, ಒಂದೇ ಮನೆ. ಯಾವ ಟಿವಿ ಯಾವ ಮನೆಯಲ್ಲಿದೆ ಅನ್ನೋದು ಅದಕ್ಕೆ ಎಲ್ಲೋ ಸಮುದ್ರದಾಚೆ ಕೂತೇ ಕಾಣುತ್ತದೆ. ನನಗೆ ಅದನ್ನು ನೆನೆಸಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆದರೆ ಇಷ್ಟೆಲ್ಲ ಬಲ್ಲ ಕಂಪನಿ, ಮನೆ ಅಂದರೆ ಯಾವುದು ಅನ್ನೋ ಪ್ರಶ್ನೆಯನ್ನು ಮಾತ್ರ ನಮ್ಮ ಕಡೆಯವರ ಹತ್ತಿರ ತೆಗೆಯಬಾರದಿತ್ತು.

ಯಾರು ಏನಂದರು

ಮೊದಲ ಏಟು ಬಿದ್ದದ್ದು ನನ್ನ ತವರಿಗೇ. ಮಡಕಶಿರಾಕ್ಕೆ ಹೋಗಿದ್ದಾಗ ಅಮ್ಮನ ಟಿವಿಗೆ ನಮ್ಮ ಖಾತೆಯನ್ನೇ ಹಾಕಿ ಬಂದಿದ್ದೆ. ಒಂದು ಬೆಳಿಗ್ಗೆ ಫೋನು ಬಂತು. ಹೇಗಿದ್ದೀಯ, ಊಟವಾಯಿತಾ, ಒಂದೂ ಇಲ್ಲ.

"ನಿಮ್ಮತ್ತೆ ಏನಂದ್ರು?" ಅಂದಳು ಅಮ್ಮ.

"ಏನೂ ಅಂದಿಲ್ವಲ್ಲಮ್ಮ. ಯಾಕೆ?"

"ಮುಚ್ಚಿಡಬ್ಯಾಡ ಕಣೇ. ಟಿವಿನೇ ಬಾಯಿಬಿಟ್ಟು ಹೇಳ್ತಾ ಐತೆ. ಇಂಗ್ಲಿಷ್ನಾಗೆ ಬಂದಿತ್ತು, ಎದುರುಮನೆ ಮೇಷ್ಟ್ರನ್ನ ಕರೆದು ಓದಿಸ್ದೆ. ಈ ಟಿವಿ ಅವ್ರ ಮನೇದಲ್ಲ ಅಂತ ಬರೆದೈತಂತೆ. ಅಂದ್ರೆ ನಾವು ನಿನಗೆ ಬ್ಯಾರೆ ಮನೇರಾದ್ವಾ? ಮೇಷ್ಟ್ರ ಮುಂದೆ ನನ್ ತಲೆ ತಗ್ಗೋಯ್ತು."

ಹಾಗಲ್ಲಮ್ಮ, ಇದು ಕಂಪನಿ ಮಾಡಿದ ರೂಲು, ನಿನ್ನ ಟಿವಿ ಮಡಕಶಿರಾದಲ್ಲಿರೋದು ಅವರಿಗೆ ಗೊತ್ತಾಗಿದೆ ಅಂತ ಬಿಡಿಸಿ ಹೇಳಿದೆ.

"ಅವ್ನಿಗೆ ಹೆಂಗೆ ಗೊತ್ತಾಯ್ತೇ? ಮೊನ್ನೆ ನಾನು ಹೇಮಾವತಿಗೆ ಹೋಗಿ ಸಿದ್ಧೇಶ್ವರನಿಗೆ ಕೈಮುಗಿದು ಬಂದೆ. ಪಕ್ಕದ್ಮನೇವ್ಳಿಗೇ ಗೊತ್ತಾಗ್ಲಿಲ್ಲ. ಗೋಡೆಗೆ ಕಿವಿ ಹಚ್ಚಿರೋಳು ಅವ್ಳು!"

ಇದೆಲ್ಲ ನಮ್ಮ ಅತ್ತೆಯ ಕಿವಿಗೆ ಬಿತ್ತು. ಅವರೇ ಬಂದು ಫೋನು ಇಸಕೊಂಡರು. "ಅಕ್ಕಾರೆ, ನಾ ಹಂಗ ಅಂದಿಲ್ರಿ. ನನ್ನಾಣಿ ಅಂದಿಲ್ರಿ. ಈ ಮನ್ಯಾಗ ನನ್ನ ಕೈಗೆ ರಿಮೋಟೇ ಸಿಗಾಂಗಿಲ್ಲ, ಇನ್ನ ಕಂಪನಿ ಮಟ ಹೋಗಿ ನಾ ಏನ್ ಚಾಡಿ ಹೇಳ್ಲಿ?"

ಅಮ್ಮ ತಣ್ಣಗಾದಳು. ಆದರೆ ಟಿವಿ ತಣ್ಣಗಾಗಬೇಕಲ್ಲ. ಅಮ್ಮನೇ ದಾರಿ ಹುಡುಕಿದಳು. "ನಿನ್ ಮನೆ ಇಲ್ಲಿದೇ ಅಂತ ಬರ್ಸಿಬಿಡು. ನೀನು ಹುಟ್ಟಿದ್ದು ಇಲ್ಲೇ ಅಲ್ವ? ಸುಳ್ಳೇನಿಲ್ವಲ್ಲ."

ನನಗೂ ಹೌದೆನ್ನಿಸಿತು. 'ಇದೇ ನಮ್ಮ ಮನೆ' ಅನ್ನೋ ಕಡೆ ಒತ್ತಿಸಿ, ನನ್ನ ಫೋನಿಗೆ ಬಂದ ಸಂಖ್ಯೆ ಹೇಳಿದೆ. ಮಡಕಶಿರಾದಲ್ಲಿ ಟಿವಿ ಮಾತಾಡಿತು. ಅಮ್ಮ ಮೇಷ್ಟ್ರನ್ನು ಮತ್ತೆ ಕರೆದು ತೋರಿಸಿದಳಂತೆ.

ಕೆಲವು ದಿನ ಕಳೆಯಿತು. ನಾನು ಅಂಗಡಿಯಿಂದ ಮನೆಗೆ ಬಂದರೆ ಅತ್ತೆ ರಾಯದುರ್ಗದ ನಮ್ಮ ಟಿವಿಯ ಮುಂದೆ ಕೈಕಟ್ಟಿಕೊಂಡು ನಿಂತಿದ್ದಾರೆ. ಪರದೆಯ ಮೇಲೆ ಅದೇ ಒಕ್ಕಣೆ: ಈ ಟಿವಿ ನಿಮ್ಮ ಮನೆಯದಲ್ಲ. ಯಜಮಾನರು ಓದಿ ಅರ್ಥ ಹೇಳಿ ಮುಗಿಸಿದ್ದರು. ಅತ್ತೆ ನಿಧಾನಕ್ಕೆ ನನ್ನ ಕಡೆ ತಿರುಗಿದರು.

"ನಿಮ್ಮವ್ವ ಏನಂದ್ಳು?"

ನೋಡೋದಲ್ಲ, ಕೇಳೋದು

ರಾಯದುರ್ಗದಲ್ಲಿ ಯಾವ ಗಲ್ಲಿಗೆ ಹೊಕ್ಕರೂ ಜೀನ್ಸ್ ಪ್ಯಾಂಟು ಹೊಲಿಯುವ ಮಷೀನಿನ ಸದ್ದು. ಅಂಥ ಒಂದು ಯೂನಿಟ್ಟಿನಲ್ಲಿ ಇಂಟರ್ನೆಟ್ಟಿನ ಡಬ್ಬಿ ಬದಲಿಸಬೇಕಿತ್ತು. ಯಜಮಾನರ ಜೊತೆ ನಾನೂ ಹೋಗಿದ್ದೆ. ಸಾಲಾಗಿ ಹೆಣ್ಣುಮಕ್ಕಳು ಕೂತು ಹೊಲಿಯುತ್ತಿದ್ದಾರೆ. ಪ್ರತಿ ಮಷೀನಿಗೆ ಒಂದು ಫೋನು ಒರಗಿಸಿದೆ, ಪ್ರತಿ ಕಿವಿಗೆ ಒಂದು ವೈರು. ಎಲ್ಲದರಲ್ಲೂ ಯೂನಿಟ್ಟಿನ ಮಾಲೀಕರದೇ ಖಾತೆ. ಸೀರಿಯಲ್ಲು ಕಿವಿಗೆ ಬೀಳುತ್ತಿದ್ದರೆ ಎದ್ದು ಓಡಾಡುವುದಿಲ್ಲ, ಕೈ ಚುರುಕಾಗುತ್ತದೆ ಅಂತ ಅವರೇ ಎಲ್ಲರಿಗೂ ಹಾಕಿಕೊಟ್ಟಿದ್ದರು.

ಆವತ್ತು ಒಂದರ ಹಿಂದೊಂದು ಫೋನು ನಿಂತುಹೋದವು. 'ಈ ಖಾತೆಯಲ್ಲಿ ಬಹಳ ಜನ ನೋಡುತ್ತಿದ್ದಾರೆ' ಅಂತ ಬಂತು. ಹೊಲಿಗೆಯೂ ನಿಂತಿತು. ಮಾಲೀಕರಿಗೆ ರೇಗಿತು. ಅಲ್ಲೇ ಕಂಪನಿಯ ಕಸ್ಟಮರ್ ಕೇರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಲಿ ಅಂತ ಸ್ಪೀಕರಿಗೆ ಹಾಕಿದರು. ಆ ಕಡೆ ಒಬ್ಬ ಹುಡುಗಿ. ಮೊದಲು ತೆಲುಗಿನಲ್ಲಿ ಶುರುಮಾಡಿ, ಇವರ ಕನ್ನಡ ಕೇಳಿ ಪುಸ್ತಕದ ಕನ್ನಡಕ್ಕೆ ಇಳಿದಳು.

"ಸರ್, ನಿಮ್ಮ ಖಾತೆಯಲ್ಲಿ ಅನುಮತಿಗಿಂತ ಹೆಚ್ಚು ಜನ ಏಕಕಾಲಕ್ಕೆ ವೀಕ್ಷಿಸುತ್ತಿದ್ದಾರೆ."

"ಇಲ್ಲಿ ಯಾರೂ ವೀಕ್ಷಿಸಾಂಗಿಲ್ರಿ ಮೇಡಂ. ವೀಕ್ಷಿಸಿದ್ರ ಸೂಜಿ ಬೆರಳಾಗ ಹೊಕ್ಕತೈತಿ. ಇವ್ರು ಬರೀ ಕೇಳ್ತಾರ್ರಿ."

ಆ ಹುಡುಗಿ ದಯವಿಟ್ಟು ಕಾಯಿರಿ ಅಂದು ಹಾಡು ಹಾಕಿ ಹೋದಳು. ಈ ಪ್ರಶ್ನೆಯನ್ನು ಅವಳು ಯಾರನ್ನು ಕೇಳಿದಳೋ, ಅವರು ಇನ್ನಾರನ್ನು ಕೇಳಿದರೋ. ನಮ್ಮೂರಿನ ಮಾತೊಂದು ಆ ದೊಡ್ಡ ಕಂಪನಿಯೊಳಗೆ ಮೆಟ್ಟಿಲು ಹತ್ತುತ್ತಿರುವುದನ್ನು ನೆನೆಸಿಕೊಂಡು ನಾನು ಬೆರಗಾಗಿ ನಿಂತಿದ್ದೆ. ಕೊನೆಗೆ ಹಾಡು ನಿಂತಿತು.

"ಸರ್, ಕೇಳಿದರೂ ಅದು ವೀಕ್ಷಣೆಯೇ ಆಗುತ್ತದೆ. ಅವರೆಲ್ಲರೂ ನಿಮ್ಮ ಮನೆಯ ಸದಸ್ಯರೇ ಸರ್?"

ಮಾಲೀಕರು ಎದೆ ಸೆಟೆದು, "ಹೌದ್ರಿ, ಎಲ್ಲಾರೂ ನಮ್ಮ ಮನಿ ಮಂದಿನ. ನಾ ಎಂದೂ ಬ್ಯಾರೆ ಅಂತ ನೋಡೇ ಇಲ್ಲ" ಅಂದರು.

ಮೂಲೆಯ ಮಷೀನಿನಲ್ಲಿದ್ದ ಹಿರಿಯಾಕೆ ಕಿವಿಯಿಂದ ವೈರು ತೆಗೆದಳು. "ಮನಿ ಮಂದಿ ಆದ್ರ ಈ ಸಲ ಹಬ್ಬಕ್ಕ ಸೀರಿ ಯಾಕ ತರ್ಲಿಲ್ರಿ ಅಣ್ಣಾರೆ?"

ಸಾಲಿಗೆ ಸಾಲೇ ಮಾಲೀಕರ ಮುಖ ನೋಡಿತು. ಅವರು ಫೋನನ್ನು ಬಾಯಿಯ ಹತ್ತಿರ ತಂದು ಮೆಲ್ಲಗೆ, "ಅಲ್ರಿ ಮೇಡಂ, ಕೆಲಸದವ್ರು" ಅಂದರು.

ಖಾತೆ ಒಂದೇ ಫೋನಿಗೆ ಉಳಿಯಿತು. ಈಗ ಆ ಒಂದು ಫೋನಿಗೆ ಮದುವೆ ಮನೆಯಲ್ಲಿ ಇಡುವಂಥ ದೊಡ್ಡ ಸ್ಪೀಕರು ಜೋಡಿಸಿದ್ದಾರೆ. ಕಂಪನಿಯ ಕಣ್ಣಿಗೆ ಅಲ್ಲಿ ಒಬ್ಬರೇ ಕೂತು ನೋಡುತ್ತಿದ್ದಾರೆ. ಯೂನಿಟ್ಟು ಪೂರ್ತಿ ಕೇಳುತ್ತದೆ, ಬೀದಿಯೂ ಕೇಳುತ್ತದೆ. ಏನೂ ತೊಂದರೆಯಿಲ್ಲವಂತೆ. ಸೀರಿಯಲ್ಲಿನಲ್ಲಿ ಯಾರಾದರೂ ಸತ್ತ ದಿನ ಮಾತ್ರ ಎಲ್ಲ ಪ್ಯಾಂಟುಗಳ ಹೊಲಿಗೆಯೂ ಒಂದೇ ಜಾಗದಲ್ಲಿ ಸೊಟ್ಟ ಬರುತ್ತದಂತೆ.

ಗುಮ್ಮಘಟ್ಟದಿಂದ ಬಂದ ಟಿವಿ

ಗುಮ್ಮಘಟ್ಟದ ಕಡೆ ಕುರಿ ಸಾಕುವ ಮನೆಯ ಹೆಣ್ಣುಮಗಳು ಒಬ್ಬಾಕೆ ನಮಗೆ ಬಹಳ ದಿನದ ಪರಿಚಯ. ಮಗಳನ್ನು ನಮ್ಮ ಬೀದಿಗೇ ಮದುವೆ ಮಾಡಿ ಕೊಟ್ಟಿದ್ದಾಳೆ. ಚಂದಾ ಕಟ್ಟುವುದು ಮಗಳು, ಗುಮ್ಮಘಟ್ಟದಲ್ಲಿ ಅದೇ ಖಾತೆಯಲ್ಲಿ ನೋಡುವುದು ತಾಯಿ. ಅಲ್ಲಿಯೂ ಟಿವಿ ತಕರಾರು ತೆಗೆಯಿತು. ಮಗಳು ಬಂದು ನನ್ನನ್ನು ಕೇಳಿದಳು. ನನಗೆ ಗೊತ್ತಿದ್ದಷ್ಟು ಹೇಳಿದೆ: ನೋಡುವ ಸಾಮಾನು ತಿಂಗಳಿಗೊಮ್ಮೆಯಾದರೂ ನಿಮ್ಮ ಮನೆಯ ವೈಫೈಗೆ ಸೇರಿದರೆ ಅದು ನಿಮ್ಮ ಮನೆಯದೇ ಅಂತ ಕಂಪನಿ ಅಂದುಕೊಳ್ಳಬಹುದು. ನನ್ನ ಮನಸ್ಸಿನಲ್ಲಿದ್ದದ್ದು ಫೋನು.

ಮುಂದಿನ ವಾರ ಅಂಗಡಿಯ ಮುಂದೆ ಒಂದು ಶೇರ್ ಆಟೋ ನಿಂತಿತು. ಒಳಗಿನವರೆಲ್ಲ ಒಬ್ಬರ ಮೇಲೊಬ್ಬರು ಕೂತಿದ್ದರು. ನಟ್ಟನಡುವೆ, ಒಳ್ಳೆ ಸೀಟಿನಲ್ಲಿ, ಕಂಬಳಿ ಹೊದ್ದುಕೊಂಡು ಟಿವಿ ಕೂತಿತ್ತು. ಪಕ್ಕದಲ್ಲಿ ಆ ಹೆಣ್ಣುಮಗಳು ಅದರ ಹೆಗಲ ಮೇಲೆ ಕೈಹಾಕಿಕೊಂಡಿದ್ದಳು. ಆಟೋದವನು ತೆಲುಗಿನಲ್ಲಿ ನನ್ನ ಹತ್ತಿರ ದೂರು ತೆಗೆದ: "ಚೂಡಂಡಕ್ಕಾ, ಟಿವಿಕಿ ಕೂಡಾ ಸೀಟಂಟ!"

"ನೋಡಕ್ಕಾ, ಟಿವಿಗೂ ಸೀಟು ಬೇಕಂತ ಅಂತ ಅವ್ರಿಗೆ ಏನ್ ಹೇಳ್ತಿಯೋ? ತೊಡಿ ಮ್ಯಾಲ ಇಟ್ಕೋ ಅಂದಿ ನೀನು. ಆ ಗುಂಡಿ ರಸ್ತ್ಯಾಗ ನನ್ನ ತೊಡಿನ ನಿಲ್ಲಾಂಗಿಲ್ಲ, ಇನ್ನ ಟಿವಿ ಹೆಂಗ ನಿಂದ್ರತೈತಿ?" ಅಂದಳು ಆಕೆ.

ಇಳಿಸುವಾಗ ಸುತ್ತ ಜನ ಸೇರಿದರು. ಕೆಟ್ಟಿದೆಯಾ, ರಿಪೇರಿಗೆ ತಂದಿರಾ ಅಂತ ಎಲ್ಲರದೂ ಅದೇ ಪ್ರಶ್ನೆ.

"ಯಾಕ ಕೆಡತೈತ್ರಿ? ಚಲೋ ಐತಿ. ಮುದುಕ್ರು ಪಿಂಚಣಿಗೆ ಜೀವಂತ ಅದೀನಿ ಅಂತ ತೋರ್ಸಾಕ ಬರಾಂಗಿಲ್ಲೇನು? ಇದೂ ಹಂಗ. ತಿಂಗಳಿಗೊಮ್ಮೆ ಮುಖ ತೋರ್ಸಿ ಹೋಗ್ಬೇಕಂತ."

ಮಗಳ ಮನೆಯಲ್ಲಿ ಟಿವಿಯನ್ನು ಮಂಚದ ಮೇಲೆ ಇಟ್ಟು, ವೈಫೈಗೆ ಹಚ್ಚಿದರು. ಸ್ವಲ್ಪ ಹೊತ್ತು ಸೀರಿಯಲ್ಲು ಓಡಿಸಿದರು. ತಾಯಿ ಮಗಳು ಕೂತು ಊಟ ಮಾಡಿ, ಊರ ಸುದ್ದಿಯೆಲ್ಲ ಮಾತಾಡಿದರು. ಹೊರಡುವ ಹೊತ್ತಿಗೆ ಮಗಳು ತಾಯಿಯ ಹಣೆಗೆ ಕುಂಕುಮ ಇಟ್ಟಳು. ಒಂದು ಗಳಿಗೆ ಯೋಚನೆ ಮಾಡಿ ಟಿವಿಯ ಮೂಲೆಗೂ ಒಂದು ಬೊಟ್ಟು ಇಟ್ಟಳು. ಕಂಪನಿಯ ಲೆಕ್ಕದಲ್ಲಿ ಟಿವಿಗೆ ಇದೇ ತವರು, ತವರಿಗೆ ಬಂದದ್ದನ್ನು ಹಾಗೇ ಕಳಿಸುವುದು ಹೇಗೆ?

ಅಲ್ಲಿಂದ ಪ್ರತಿ ತಿಂಗಳು ಆಕೆ ಬರುತ್ತಾಳೆ. ಮೊದಲೆಲ್ಲ ಕುರಿ ಬಿಟ್ಟು ಬರಲಾಗುವುದಿಲ್ಲ ಅಂತ ಮಗಳ ಮನೆಗೆ ಬರುವುದೇ ಅಪರೂಪವಿತ್ತು. ಮನೆಯಲ್ಲಿ ಗಂಡನೂ ಈಗ ಏನೂ ಅನ್ನುವುದಿಲ್ಲವಂತೆ, ಟಿವಿಯ ಕೆಲಸ ಅಲ್ಲವೇ. ನಾನು ತಡೆಯಲಾರದೆ ಒಮ್ಮೆ ಹೇಳಿಬಿಟ್ಟೆ: "ಅಕ್ಕಾ, ಇಷ್ಟೆಲ್ಲ ಹೊತ್ಕೊಂಡು ಬರೋದು ಬ್ಯಾಡ. ನಿಮ್ಮಲ್ಲೇ ಕೂತು ಮಗಳ ಫೋನಿಗೆ ಬರೋ ಸಂಖ್ಯೆ ಕೇಳಿ ಒತ್ತಿದ್ರೂ ಆಗತೈತಿ."

ಆಕೆ ಅತ್ತಿತ್ತ ನೋಡಿ ನನ್ನ ಕೈ ಹಿಡಿದಳು. "ಅದು ನಂಗ ಗೊತ್ತೈತಿ ಯವ್ವಾ. ನಮ್ಮ ಮನಿಯವ್ರಿಗೆ ಹೇಳಿಗೀಳಿ ಮತ್ತ!"

ಪಾಪದ ಕಂಪನಿ

ಯಜಮಾನರು ಒಂದು ಬೆಳಿಗ್ಗೆ ಪೇಪರು ಓದುತ್ತ, ಈ ಸಿನಿಮಾ ತೋರಿಸುವ ಕಂಪನಿಗಳಿಗೆ ಖರ್ಚು ಜಾಸ್ತಿಯಾಗಿ ಲಾಭ ಕಾಣುವುದು ಕಷ್ಟವಾಗಿದೆ, ಅದಕ್ಕೇ ನಡುನಡುವೆ ಜಾಹೀರಾತು ಹಾಕುತ್ತಿದ್ದಾರೆ ಅಂತ ಹೇಳಿದರು. ಅತ್ತೆ ಅಕ್ಕಿ ಆರಿಸುವುದನ್ನು ನಿಲ್ಲಿಸಿದರು. ಅವರು ಅಂಗಡಿ ಇಟ್ಟವರ ಮನೆಯಲ್ಲಿ ಹುಟ್ಟಿದವರು. ವ್ಯಾಪಾರ ಬಿದ್ದಿತು ಅಂದರೆ ಯಾರದೇ ಆಗಲಿ ಅವರ ಕರುಳು ಚುರ್ ಅನ್ನುತ್ತದೆ.

"ಅಷ್ಟು ದೊಡ್ಡ ಅಂಗಡಿ ಇಟ್ಟಾರ, ಗಿರಾಕಿ ದಿನಾ ಬಂದು ನೋಡಿಕ್ಯಾಂತ ಹೋಗ್ತಾರ, ಕೈಗೆ ಏನೂ ಹತ್ತಾಂಗಿಲ್ಲ. ಪಾಪ!" ಅಂದರು.

ಆವತ್ತಿನಿಂದ ಜಾಹೀರಾತು ಬಂದರೆ ಮನೆಯಲ್ಲಿ ಯಾರೂ ಏಳುವ ಹಾಗಿಲ್ಲ. ನಾನು ಒಗ್ಗರಣೆ ಹಾಕಲು ಎದ್ದರೆ, "ಕೂಡ್ರು, ಅವ್ರ ಮನಿನೂ ನಡೀಬೇಕಲ್ಲ" ಅಂತ ಕೂರಿಸುತ್ತಾರೆ. ಸೋಪು, ಪೇಂಟು, ಕಾರು, ಎಲ್ಲವನ್ನೂ ಅದೇ ಭಕ್ತಿಯಿಂದ ನೋಡುತ್ತಾರೆ. ಕಾರು ಮಾತ್ರ ಸದ್ಯಕ್ಕೆ ಬೇಡ ಅಂತ ಟಿವಿಗೇ ಹೇಳಿದ್ದನ್ನು ನಾನು ಕೇಳಿದ್ದೇನೆ.

ಬಹಳ ಹೊತ್ತು ಒಂದೇ ಸಮನೆ ನೋಡುತ್ತಿದ್ದರೆ ಆ ಆ್ಯಪು ತಾನೇ ನಿಂತು, 'ಇನ್ನೂ ನೋಡುತ್ತಿದ್ದೀರಾ?' ಅಂತ ಕೇಳುತ್ತದೆ. ಅತ್ತೆಗೋಸ್ಕರ ನಮ್ಮ ಟಿವಿಯಲ್ಲಿ ಈಗ ಎಲ್ಲ ಕನ್ನಡದಲ್ಲೇ ಬರುವ ಹಾಗೆ ಮಾಡಿಕೊಟ್ಟಿದ್ದೇವೆ. ಅವರು ಅಕ್ಷರ ಕೂಡಿಸಿ ಓದಿ, ಕನ್ನಡಕ ಸರಿಮಾಡಿಕೊಂಡು, "ನೋಡಾಕತ್ತೀನಪ್ಪ. ನಿಮ್ದು ಊಟ ಆತಾ?" ಅನ್ನುತ್ತಾರೆ. ಆಮೇಲೇ ಗುಂಡಿ ಒತ್ತುವುದು.

ಅದು ಮಷೀನು, ಎಲ್ಲರನ್ನೂ ಹಾಗೇ ಕೇಳುತ್ತದೆ ಅಂತ ಯಜಮಾನರು ತಿಳಿಹೇಳಲು ಹೋದರು. ಅತ್ತೆ ಒಪ್ಪಲಿಲ್ಲ. "ಮಷೀನೋ ಮನುಷ್ಯಾನೋ, ಈ ಮನ್ಯಾಗ ನಾ ಎದ್ದೀನೋ ಮಲಗೀನೋ ಅಂತ ಕೇಳೋದು ಅದೊಂದ."

ಗೋಡೆಯ ಈ ಕಡೆ, ಆ ಕಡೆ

ನಮ್ಮ ಅಂಗಡಿಯ ಹಿಂದಿನ ಸಾಲಿನಲ್ಲಿ ಒಂದು ದೊಡ್ಡ ಮನೆ. ಅಣ್ಣತಮ್ಮಂದಿರು ಇಬ್ಬರು, ಇಬ್ಬರದೂ ಬಜಾರಿನಲ್ಲಿ ಅಂಗಡಿ. ತಂದೆ ತೀರಿಕೊಂಡ ಮೇಲೆ ಯಾವ ಅಂಗಡಿ ಯಾರಿಗೆ ಅನ್ನೋ ಮಾತಿಗೆ ಮುನಿಸಿಕೊಂಡು, ಅಂಗಳದ ನಡುವೆ ಆಳೆತ್ತರ ಮೀರಿದ ಗೋಡೆ ಎಬ್ಬಿಸಿಬಿಟ್ಟರು. ಅಣ್ಣನ ಬಾಗಿಲು ಬಜಾರಿನ ಕಡೆ, ತಮ್ಮನದು ಹಿಂದಿನ ಗಲ್ಲಿಗೆ. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗಬೇಕಾದರೆ ಇಡೀ ಸಾಲು ಸುತ್ತಬೇಕು. ಸುತ್ತುವವರೂ ಯಾರೂ ಇರಲಿಲ್ಲ, ಮಾತು ಬಿಟ್ಟು ವರ್ಷಗಳಾಗಿದ್ದವು. ಊರ ಹಿರಿಯರು ಹೇಳಿ ಸೋತರು, ಮಠದ ಸ್ವಾಮಿಗಳು ಕೂರಿಸಿಕೊಂಡು ಹೇಳಿದರು. ಇಬ್ಬರೂ ಸ್ವಾಮಿಗಳ ಪಾದಕ್ಕೆ ಬಿದ್ದರು, ಬೇರೆ ಬೇರೆ ದಾರಿಯಲ್ಲಿ ಮನೆಗೆ ಹೋದರು.

ಒಂದು ಮಧ್ಯಾಹ್ನ ತಮ್ಮ ನಮ್ಮ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಸಿದರು. ಮುಖವೆಲ್ಲ ಬೆವರು.

"ತಂಗೀ, ನಮ್ಮ ಟಿವಿ ಒಂದು ಪ್ರಶ್ನಿ ಕೇಳೈತಿ."

"ಏನಂತ್ರಿ ಅಣ್ಣಾರೆ?"

"ನೀ ಈ ಮನಿಯವ್ನೇನು ಅಂತ."

"ಅಷ್ಟೇನಾ? ಹೌದು ಅಂತ ಒತ್ರಿ."

"ಯಾವ ಮನಿ ಅಂತ ಮೊದ್ಲ ಕೇಳು. ಮ್ಯಾಲ ನಮ್ಮ ಅತ್ತಿಗಿ ಹೆಸರೈತಿ!"

ಆಮೇಲೆ ತಿಳಿದದ್ದು ಇಷ್ಟು. ಗೋಡೆ ಇದ್ದದ್ದು ಅಂಗಳಕ್ಕೆ, ಮಾಳಿಗೆಗಲ್ಲ. ಗಂಡಂದಿರು ಅಂಗಡಿಗೆ ಹೋದ ಮೇಲೆ ವಾರಗಿತ್ತಿಯರು ಇಬ್ಬರೂ ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತ ಕೂರುತ್ತಿದ್ದರು. ಹಪ್ಪಳದ ಜೊತೆ ಅತ್ತಿಗೆಯ ಪಾಸ್‌ವರ್ಡೂ ಈ ಕಡೆಗೆ ದಾಟಿತ್ತು. ತಮ್ಮ ಅಷ್ಟು ದಿನವೂ ತನ್ನ ಮನೆಯಲ್ಲಿ ಕಾಲುಚಾಚಿ ನೋಡುತ್ತಿದ್ದದ್ದು ಅಣ್ಣ ಕಟ್ಟಿದ ಚಂದಾದಲ್ಲಿ.

ನಮ್ಮ ಯಜಮಾನರು ಕಣೇಕಲ್ಲಿನಲ್ಲಿ ಯಾವುದೋ ಕಂಬದ ಮೇಲಿದ್ದರು. ನಾನೇ ಹೋದೆ. ತಮ್ಮನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದಳು. ಟಿವಿಯ ತುಂಬ ದೊಡ್ಡ ಅಕ್ಷರದಲ್ಲಿ ಪ್ರಶ್ನೆ: ನೀವು ಈ ಮನೆಗೆ ಸೇರಿದವರೇ? ಕೆಳಗೆ ಎರಡೇ ಗುಂಡಿ, ಹೌದು, ಅಲ್ಲ.

ನಾನು ನೋಡುತ್ತ ನಿಂತುಬಿಟ್ಟೆ. ಎಷ್ಟೋ ಜನ ಇವರ ಮನೆಗೆ ಬಂದು ಎಷ್ಟೋ ಬುದ್ಧಿ ಹೇಳಿದ್ದರು. ಹೀಗೆ ಒಂದೇ ಮಾತಿನಲ್ಲಿ, ನೆಟ್ಟಗೆ, ಎರಡೇ ಉತ್ತರ ಕೊಟ್ಟು ಕೇಳಿದವರು ಒಬ್ಬರೂ ಇರಲಿಲ್ಲ.

"ಅಣ್ಣಾರೆ, ಬ್ಯಾಡಂದ್ರ ಅಲ್ಲ ಅಂತ ಒತ್ತಿಬಿಡ್ರಿ. ನಿಮ್ಮ ಹೆಸರಿಗೆ ಬ್ಯಾರೆ ಖಾತೆ ಮಾಡಿ ಕೊಡ್ತೀನಿ" ಅಂದೆ.

ಅವರು ರಿಮೋಟು ಹಿಡಿದು ನಿಂತೇ ಇದ್ದರು. "ಹೌದು ಅನ್ನಾಕ ನಂಗ ಮುಖ ಇಲ್ಲ ತಂಗಿ. ಅಲ್ಲ ಅಂತ ಒತ್ತಾಕ ಬೆರಳು ಬರವಲ್ದು."

ಅಷ್ಟು ದೊಡ್ಡ ಗಂಡಸು ಟಿವಿಯ ಮುಂದೆ ಪರೀಕ್ಷೆಗೆ ನಿಂತವರ ಹಾಗೆ ನಿಂತದ್ದನ್ನು ನನಗೆ ನೋಡಲಾಗಲಿಲ್ಲ. ರಿಮೋಟು ಇಸಕೊಂಡು ನಾನೇ 'ಹೌದು' ಒತ್ತಿಬಿಟ್ಟೆ.

ಟಿವಿ ಅಷ್ಟಕ್ಕೇ ಬಿಡುತ್ತದೆಯೇ? ಖಾತೆದಾರರ ಫೋನಿಗೆ ಒಂದು ಸಂಖ್ಯೆ ಕಳಿಸಿದ್ದೇವೆ, ಅದನ್ನು ಇಲ್ಲಿ ಹಾಕಿ, ಬೇಗ ಹಾಕಿ, ತಡವಾದರೆ ನಡೆಯುವುದಿಲ್ಲ ಅಂದಿತು. ಫೋನಿರುವುದು ಗೋಡೆಯಾಚೆ, ಅಣ್ಣನ ಕೈಯಲ್ಲಿ.

ನನ್ನ ಫೋನು ಅಂಗಡಿಯಲ್ಲೇ ಉಳಿದಿತ್ತು, ಸಾಲು ಸುತ್ತಿ ಓಡಿದೆ. ಅಣ್ಣ ಊಟ ಮುಗಿಸಿ ಮಂಚದ ಮೇಲೆ ಕೂತು, ಫೋನು ಕೈಯಲ್ಲಿ ಹಿಡಿದು ಹುಬ್ಬು ಗಂಟಿಕ್ಕಿದ್ದರು. ಅತ್ತಿಗೆ ನನ್ನನ್ನು ಕಂಡದ್ದೇ ಬಿಳಿಚಿಕೊಂಡಳು. ಮುಚ್ಚಿಟ್ಟು ಪ್ರಯೋಜನವಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಣ್ಣ ಹೆಂಡತಿಯ ಕಡೆ ನೋಡಿದರು. ಆಕೆ ಹಪ್ಪಳದ ಡಬ್ಬಿಯ ಕಡೆ ನೋಡಿದಳು.

"ಟಿವಿ ಕೇಳಿದ್ದಕ್ಕ ಅವ ಏನಂತ ಒತ್ಯಾನ?" ಅಂದರು ಅಣ್ಣ.

"ಹೌದು ಅಂತ್ರಿ." ಬೆರಳು ಯಾರದು ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಅಣ್ಣ ಕನ್ನಡಕ ಹುಡುಕಿ, ಒರೆಸಿ, ಹಾಕಿಕೊಂಡು ಸಂಖ್ಯೆ ಓದಿ ಹೇಳಿದರು. ನಾನು ಸಾಲು ಸುತ್ತಿ ಓಡಿ ಬಂದು ಒತ್ತಿದೆ. ಸಮಯ ಮೀರಿದೆ ಅಂದಿತು ಟಿವಿ. ಇನ್ನೊಂದು ಸಂಖ್ಯೆ ಕಳಿಸಲು ಹೇಳಿ ಮತ್ತೆ ಓಡಿದೆ. ಅದನ್ನು ಬಾಯಿಪಾಠ ಮಾಡಿಕೊಂಡು ಬರುವಾಗ ದಾರಿಯಲ್ಲಿ ಒಬ್ಬರು ಅಡ್ಡ ನಿಂತು, ಕೇಬಲಮ್ಮಾ, ನಮ್ಮ ಮನೆಯಲ್ಲಿ ಎಷ್ಟನೇ ನಂಬರಿಗೆ ತೆಲುಗು ಸುದ್ದಿ ಬರುತ್ತದೆ ಅಂತ ಕೇಳಿದರು. ಅವರ ನಂಬರು ಹೇಳಿದೆ, ನನ್ನದು ಮರೆತೆ.

ಮತ್ತೊಮ್ಮೆ ಏದುಸಿರು ಬಿಡುತ್ತ ಅಣ್ಣನ ಮುಂದೆ ನಿಂತಾಗ ಅವರಿಗೇ ಕನಿಕರ ಬಂತು. "ನೀ ಇನ್ನೆಷ್ಟು ತಿರಗ್ತಿ ಯವ್ವಾ. ಕೂಡ್ರು, ನೀರು ಕುಡಿ" ಅಂದರು. ಫೋನು ಹಿಡಿದುಕೊಂಡು ಅಂಗಳಕ್ಕೆ ಇಳಿದು ಗೋಡೆಯ ಬುಡಕ್ಕೆ ಹೋದರು. ಗಂಟಲು ಸರಿಮಾಡಿಕೊಂಡರು. ಹೆಸರು ಹಿಡಿದು ಕರೆಯಲಿಲ್ಲ, ಆಕಾಶಕ್ಕೆ ಹೇಳುವ ಹಾಗೆ ಕೂಗಿದರು:

"ನಾಕೂ! ಎರಡೂ!"

ಅತ್ತಿಗೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ನಾನು ನೀರಿನ ಲೋಟ ಹಿಡಿದು ಹಾಗೇ ಕೂತೆ.

ಗೋಡೆಯಾಚೆಯಿಂದ ಸಣ್ಣ ದನಿ ಬಂತು. "ಎರಡು ಆದ ಮ್ಯಾಲ ಏನಣ್ಣಾ?"

ಅಣ್ಣ ಗೋಡೆಗೆ ಕೈ ಊರಿದರು. ಒಂದು ಗಳಿಗೆ ಅವರಿಗೆ ಸಂಖ್ಯೆಯೇ ಕಾಣಲಿಲ್ಲ ಅಂತ ಕಾಣುತ್ತದೆ. ಕನ್ನಡಕ ತೆಗೆದು ಮತ್ತೆ ಒರೆಸಿಕೊಂಡರು.

"ಒಂಬತ್ತೋ!"

"ಒಂಬತ್ತಾ, ಎಂಬತ್ತಾ? ಜೋರಾಗಿ ಹೇಳಣ್ಣಾ, ಕೇಳಸವಲ್ದು!"

"ಎಂಬತ್ತು ಎಲ್ಲೈತೋ ಅದ್ರಾಗ! ಒಂದೊಂದ ಅಂಕಿ ಇರ್ತಾವು! ಸಣ್ಣಾವಿದ್ದಾಗಿಂದ ಹಂಗ ನಿನ್ನ ಕಿವಿ! ಒಂಬತ್ತು! ಆಮ್ಯಾಲ ಸೊನ್ನಿ! ಒತ್ತು ಲಗೂನ, ಮತ್ತ ಹೊತ್ತು ಮೀರತೈತ್ಯಂತ!"

ಗೋಡೆಯಾಚೆ ಟಿವಿಯಲ್ಲಿ ಯಾರೋ ಜೋರಾಗಿ ಅಳುತ್ತಿರುವ ಸೀರಿಯಲ್ಲಿನ ಸದ್ದು. ಅದರ ಮೇಲೆ ತಮ್ಮನ ಕೂಗು: "ಬಂತಣ್ಣಾ! ಬಂತು!"

ಅಣ್ಣ ಒಳಗೆ ಬರದೆ ಗೋಡೆಯ ಹತ್ತಿರವೇ ನಿಂತಿದ್ದರು. ಸಮುದ್ರದಾಚೆ ಕೂತ ಯಾವುದೋ ಕಂಪನಿ, ಇವರಿಬ್ಬರ ಮುಖ ಕಂಡಿಲ್ಲ, ಹೆಸರು ಕೇಳಿಲ್ಲ, ತನ್ನ ಲಾಭಕ್ಕೆ ಒಂದು ಪ್ರಶ್ನೆ ಹಾಕಿತು. ಸ್ವಾಮಿಗಳಿಂದ ಆಗದ್ದು ಅದರಿಂದ ಆಯಿತಲ್ಲ ಅಂತ ನಾನು ಮನೆಗೆ ಬರುವ ದಾರಿಯುದ್ದಕ್ಕೂ ಬೆರಗಿನಲ್ಲೇ ನಡೆದೆ.

ಮಾರನೆಯ ದಿನ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಅಣ್ಣ ಬಂದು ನಿಂತಿದ್ದರು. ಖಾತೆ ಕಿತ್ತುಹಾಕು ಅನ್ನಲು ಬಂದರೇನೋ ಅಂದುಕೊಂಡೆ. ಅವರು ಅತ್ತಿತ್ತ ನೋಡಿ, ಕೌಂಟರಿನ ಮೇಲೆ ಬಾಗಿ, ಮೆಲ್ಲಗೆ ಕೇಳಿದರು.

"ಆ ಸಂಖ್ಯೆ ಮತ್ತ ಯಾವಾಗ ಕೇಳತೈತಿ ತಂಗಿ?"

"ಇನ್ನ ಒಂದು ತಿಂಗಳು ಚಿಂತಿ ಇಲ್ರಿ, ಕೇಳಾಂಗಿಲ್ಲ" ಅಂದೆ ಧೈರ್ಯ ಹೇಳುವ ದನಿಯಲ್ಲಿ.

ಅವರ ಮುಖ ಇಳಿದುಹೋಯಿತು.

"ತಿಂಗಳಾ? ಕಂಪನಿಯವ್ರಿಗೆ ಒಂದು ಮಾತು ಹೇಳಿ ನೋಡವ್ವಾ. ಮುಂಜಾನಿ ಒಮ್ಮೆ, ಸಂಜಿಗೊಮ್ಮೆ ಕೇಳೋ ಹಂಗ ಮಾಡಾಕ ಬರಾಂಗಿಲ್ಲೇನು?"